ಊಲಾಂಗ್ ಚಹದ ಪಾನವಿಧಿ: ಅದರ ಪ್ರಾಚೀನತೆಯ ವಿಚಾರ

ಚೀನದೇಶದ ಆಗ್ನೇಯ ಭಾಗದಲ್ಲಿರುವ ಫೂಜಿಯಾನ್ ಪ್ರಾಂತದವರೂ, ಅದರ ದಕ್ಷಿಣಕ್ಕೆ ಗ್ವಾಂಗ್‌ಡಾಂಗ್ ಪ್ರಾಂತದ ಚಾವ್‌ಜೌ ಸೀಮೆಯವರೂ, ಸಮುದ್ರದಾಚೆಯ ತೈವಾನ್ ದ್ವೀಪದವರೂ ಊಲಾಂಗ್ ಎಂಬ ಚಹವನ್ನು ತಮ್ಮ ಮನೆಗಳಲ್ಲಿ ಒಂದು ಗೊತ್ತಾದ ಕ್ರಮದಿಂದ ಸಿದ್ಧಪಡಿಸಿ ಕುಡಿಯುವರು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಮಣ್ಣಿನ ಗಿಂಡಿಯಲ್ಲಿ ಎಲೆಯನ್ನು ಧಾರಾಳವಾಗಿ ತುಂಬಿ, ಕುದಿಯುವ ನೀರನ್ನು ಹೊಯ್ದು, ಸ್ವಲ್ಪ ಹೊತ್ತಿನಲ್ಲಿಯೇ ಬಸಿದು, ಎರಡು ಮೂರು ಗುಟುಕಿಗೆ ಮುಗಿಯುವ ಬಟ್ಟಲುಗಳಿಗೆ ಹಂಚಿ, ಅದೇ ಎಲೆಗೆ ಮತ್ತೆ ಮತ್ತೆ ನೀರೆರೆಯುವುದೇ ಈ ಕ್ರಮದ ಸಾರ. ಇದಕ್ಕೆ ಗುಂಗ್‌ಫೂ ಚಹವೆಂದು ಹೆಸರು. ಈ ವಿಧಿಯು ಟಾಂಗ್ ರಾಜವಂಶದ ಕಾಲದಲ್ಲಿದ್ದ ಲೂ ಯೂ ಎಂಬ ಆಚಾರ್ಯನಿಂದ ಪ್ರವರ್ತಿತವಾಗಿ, ಸಾವಿರದ ಇನ್ನೂರು ವರ್ಷಗಳಿಂದ ಅವಿಚ್ಛಿನ್ನವಾಗಿ ನಡೆದುಬಂದಿತೆಂದು ಹೇಳುವವರುಂಟು. ಈ ಮಾತಿಗೆ ಗ್ರಂಥಪ್ರಮಾಣವು ಎಷ್ಟರಮಟ್ಟಿಗೆ ಒದಗುವುದೆಂಬುದು ಪ್ರಕೃತ ವಿಚಾರಣೀಯ.

ಈ ಅಭಿಪ್ರಾಯವು ಇಂದಿನ ವರ್ತಕರು ಹುಟ್ಟಿಸಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂ ಜಿಯಾವ್ ಎಂಬ ಲೇಖಕನು ಚಾವ್‌ಜೌ ಸೀಮೆಯ ವಿಲಾಸಜೀವನವನ್ನು ವರ್ಣಿಸುತ್ತ, ಅಲ್ಲಿಯ ಗುಂಗ್‌ಫೂ ಚಹದ ಕ್ರಮಕ್ಕೆ ಲೂ ಯೂವಿನ ಗ್ರಂಥವೇ ಮೂಲವೆಂದೂ, ಉಪಕರಣಗಳು ಮಾತ್ರ ಅದಕ್ಕಿಂತಲೂ ನಾಜೂಕಾದುವೆಂದೂ ಬರೆದಿರುವನು. ಆ ಕ್ರಮವನ್ನು ಸಾಂಗವಾಗಿ ತಿಳಿಸುವ ಹಳೆಯ ಬರಹ ಇದೇ ಆದುದರಿಂದ ಅವನ ಮಾತನ್ನು ಹಿಂದಿನವರು ವಿಮರ್ಶಿಸದೆ ಸ್ವೀಕರಿಸಿದರು.

ಲೂ ಯೂ (ಕ್ರಿ. ಶ. ೭೩೩–೮೦೪) ರಚಿಸಿದ ‘ಚಾ ಜಿಂಗ್’ ಎಂಬುದು ಚಹವನ್ನು ಕುರಿತ ಶಾಸ್ತ್ರಗಳಲ್ಲಿ ಆದಿಗ್ರಂಥ. ಬೌದ್ಧರ ಸೂತ್ರಗಳನ್ನು ಭಾಷಾಂತರಿಸುವಾಗ ಚೀನೀಯರು ‘ಸೂತ್ರ’ ಶಬ್ದಕ್ಕೆ ಪ್ರತಿಯಾಗಿ ಇಟ್ಟ ಪದವೂ ‘ಜಿಂಗ್’ ಎಂಬುದೇ. ಆದುದರಿಂದ ‘ಚಹಸೂತ್ರ’ವೆಂದರೆ ಅರ್ಥಕ್ಕೆ ಲೋಪವಾಗದು. ಆದರೆ ಈ ಸೂತ್ರದಲ್ಲಿ ವಿಹಿತವಾದ ಪಾನವು ಬೇರೆಯೇ ಆಗಿದೆ. ಅಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆಯಾಗಿ ತಟ್ಟಿ ಒಣಗಿಸುವರು. ಕುಡಿಯುವ ಹೊತ್ತಿಗೆ ಬಿಲ್ಲೆಯನ್ನು ಕೆಂಡದ ಮೇಲೆ ಹುರಿದು ಪುಡಿಮಾಡುವರು. ಕೊಪ್ಪರಿಗೆಯಲ್ಲಿ ನೀರು ಮೊದಲನೆಯ ಕುದಿಗೆ ಬಂದಾಗ ಉಪ್ಪನ್ನು ಹಾಕಿ, ಎರಡನೆಯ ಕುದಿಯಲ್ಲಿ ಪುಡಿಯನ್ನು ಬೆರೆಸಿ ಕುದಿಸುವರು. ಗಿಂಡಿಯಿಲ್ಲ, ಇಡೀ ಎಲೆಯಿಲ್ಲ, ಮರಳಿ ನೀರೆರೆಯುವ ಮಾತೇ ಇಲ್ಲ. ಸೋಂಗ್ ರಾಜರ ಕಾಲಕ್ಕೆ ಕುದಿಸುವುದು ಹೋಗಿ, ಪುಡಿಯನ್ನು ಬಟ್ಟಲಲ್ಲಿಯೇ ಕಡೆದು ನೊರೆಯೆಬ್ಬಿಸುವ ಪದ್ಧತಿಯು ಪ್ರಬಲವಾಯಿತು. ೧೩೯೧ರಲ್ಲಿ ಮಿಂಗ್ ವಂಶದ ಪ್ರಥಮ ಚಕ್ರವರ್ತಿಯು ಅರಮನೆಗೆ ಬಿಲ್ಲೆಚಹದ ಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಇಡೀ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ರಸವನ್ನು ಮಾತ್ರ ಕುಡಿಯುವ ಪದ್ಧತಿಯು ದೇಶದಲ್ಲೆಲ್ಲ ರೂಢವಾದುದು ಅಲ್ಲಿಂದೀಚೆಗೆ. ಹೀಗಿರಲು ಲೂ ಯೂವಿಗೂ ಗುಂಗ್‌ಫೂ ಚಹಕ್ಕೂ ನಡುವೆ ಒಂದಲ್ಲ, ಎರಡು ವಿಚ್ಛೇದಗಳು ಕಾಣುತ್ತವೆ.

ಇನ್ನು ಚಿಕ್ಕ ಗಿಂಡಿಯ ಮಾತು. ಇದು ಊಲಾಂಗಿನೊಡನೆ ಹುಟ್ಟಿದುದಲ್ಲ. ಹಾಂಗ್‌ಜೌ ನಗರದ ಷೂ ತ್ಸಿಷು ೧೫೯೭ರಲ್ಲಿ ಬರೆದ ‘ಚಾ ಷು’ ಎಂಬ ಗ್ರಂಥದಲ್ಲಿ, ಗಿಂಡಿಯು ಚಿಕ್ಕದಾದಷ್ಟೂ ಪರಿಮಳವು ಒಳಗೇ ನಿಲ್ಲುವುದೆಂದೂ ದೊಡ್ಡದಾದರೆ ಚದರಿಹೋಗುವುದೆಂದೂ ಆಗಲೇ ಹೇಳಿದೆ. ಜಿಯಾಂಗ್‌ಸು ಪ್ರಾಂತದ ಯಿಷಿಂಗ್ ಊರಿನ ಕುಂಬಾರರು ನೇರಿಳೆ ಛಾಯೆಯ ಮಣ್ಣಿನಿಂದ ಮಾಡುತ್ತಿದ್ದ ಗಿಂಡಿಗಳು ಆ ವೇಳೆಗೆ ಪಂಡಿತರ ಮೆಚ್ಚಿಕೆಯನ್ನು ಪಡೆದಿದ್ದುವು. ಆದರೆ ಅವುಗಳಲ್ಲಿ ಹಾಕುತ್ತಿದ್ದುದು ಹಸುರು ಚಹ. ಷೂ ತ್ಸಿಷುವಿನ ಅನುಭವದಲ್ಲಿ ಒಂದು ಗಿಂಡಿಯ ಎಲೆಯು ಎರಡು ಸಲಕ್ಕೆ ಮಾತ್ರ ಯೋಗ್ಯ. ಮೂರನೆಯದಕ್ಕೆ ರುಚಿಯು ಮುಗಿಯುತ್ತ ಬಂದಿರುತ್ತದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಎಲೆಯು ಬದಲಾದುದು ಫೂಜಿಯಾನಿನ ಉತ್ತರದಲ್ಲಿರುವ ವೂಯಿ ಪರ್ವತದಲ್ಲಿ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಅಲ್ಲಿ ವಾಸವಾಗಿದ್ದ ವಾಂಗ್ ತ್ಸಾವ್‌ತಾಂಗ್ ಎಂಬವನ ಹೇಳಿಕೆಯನ್ನು, ಆ ಪರ್ವತವು ಸೇರಿದ್ದ ಸೀಮೆಯ ಅಧಿಕಾರಿಯಾಗಿದ್ದ ಲೂ ಟಿಂಗ್‌ತ್ಸಾನ್ ೧೭೩೪ರ ತನ್ನ ‘ಷೂ ಚಾ ಜಿಂಗ್’ ಎಂಬ ಸಂಗ್ರಹದಲ್ಲಿ ಉಳಿಸಿಕೊಟ್ಟಿರುವನು. ಕೊಯ್ದ ಎಲೆಯನ್ನು ಬಿದಿರಿನ ತಟ್ಟೆಗಳಲ್ಲಿ ಹರವಿ ಬಿಸಿಲುಗಾಳಿಗೆ ಬಾಡಿಸಿ, ಆಮೇಲೆ ಅಲುಗಿಸಿ, ಪರಿಮಳವು ಎದ್ದ ಸಮಯವನ್ನರಿತು ಬಾಣಲೆಯಲ್ಲಿ ಹುರಿದು, ಬಳಿಕ ಕೆಂಡದ ಕಾವಿನಲ್ಲಿ ಒಣಗಿಸುವರೆಂದೂ, ಸಿದ್ಧವಾದ ಎಲೆಯು ಅರ್ಧ ಹಸುರು ಅರ್ಧ ಕೆಂಪಾಗಿರುವುದೆಂದೂ ಅವನು ತಿಳಿಸುತ್ತಾನೆ. ಇದು ಊಲಾಂಗಿನ ಲಕ್ಷಣವಲ್ಲದೆ ಬೇರೆಯಲ್ಲ. ಹಸುರು ಬಣ್ಣವು ಹುರಿದುದರಿಂದಲೂ ಕೆಂಪು ಒಣಗಿಸಿದುದರಿಂದಲೂ ಬಂದಿತೆಂದು ಅವನು ಕೊಟ್ಟ ಕಾರಣವು ನಿಲ್ಲತಕ್ಕುದಲ್ಲ. ಅಲುಗಿಸುವಾಗ ಎಲೆಯ ಅಂಚು ಜಜ್ಜಿಹೋಗಿ, ಅಲ್ಲಿಯ ರಸವು ಎಲೆಯಲ್ಲಿಯೇ ಇರುವ ಕಿಣ್ವಗಳ ಮೂಲಕ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುವುದು. ಹುರಿದೊಡನೆ ಆ ಕ್ರಿಯೆ ನಿಲ್ಲುವುದು. ಕಾರಣವನ್ನು ತಪ್ಪಿದರೂ ಅವನು ಕಂಡುದನ್ನು ಕಂಡಂತೆ ಬರೆದನೆಂಬುದೇ ಇಲ್ಲಿ ಮುಖ್ಯ. ಬೇಟೆಗಾರನೊಬ್ಬನು ಕೊಯ್ದ ಎಲೆಯನ್ನು ಬೆನ್ನಮೇಲೆ ಹೊತ್ತು ಜಿಂಕೆಯನ್ನು ಅಟ್ಟಿಸಿಕೊಂಡು ಹೋಗಿ, ಮರುದಿನ ನೋಡಿದಾಗ ಎಲೆಯ ಅಂಚು ಕೆಂಪಾಗಿ ಘಮಘಮಿಸುತ್ತಿತ್ತೆಂಬ ಕಥೆಯು ಆನ್‌ಷಿ ಸೀಮೆಯಲ್ಲಿ ಪ್ರಚಲಿತವಾಗಿದೆ. ಅದು ಇತಿಹಾಸವಲ್ಲದಿದ್ದರೂ ಅಲುಗಾಟವೇ ಈ ಚಹಕ್ಕೆ ಜೀವವೆಂಬ ತತ್ತ್ವವನ್ನು ಕಾಪಾಡಿಕೊಂಡಿದೆ.

‘ಊಲಾಂಗ್’ ಎಂದರೆ ಕಪ್ಪು ಮಹಾಸರ್ಪ, ಚೀನೀಯರ ಡ್ರ್ಯಾಗನ್. ಇದೇ ಫೂಜಿಯಾನಿನ ದಕ್ಷಿಣ ಕರಾವಳಿಯ ಆಡುಮಾತಿನಲ್ಲಿ ಚಹಕ್ಕೆ ‘ಟೆ’ ಎನ್ನುವರು. ಡಚ್ಚರ ವ್ಯಾಪಾರದಿಂದ ಯೂರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ಮೈಸೂರು ಸೀಮೆಗೆ ಬಂದ ‘ಟೀ’ ಅದೇ. ಉತ್ತರ ಕರ್ಣಾಟಕದ ‘ಚಹ’ವಾದರೋ ಚೀನದ ಉಳಿದ ಭಾಗಗಳ ‘ಚಾ’ ಎಂಬುದರ ಸಂತತಿ. ‘ಗುಂಗ್‌ಫೂ’ ಶಬ್ದದ ಚರಿತ್ರೆ ಇನ್ನೂ ಕುತೂಹಲಕರ. ಇಂದು ಮಲ್ಲವಿದ್ಯೆಯ ಹೆಸರಾಗಿ ಹುಡುಗರಿಗೂ ಪರಿಚಿತವಾದ ಈ ಪದಕ್ಕೆ ಶ್ರಮ, ವೇಳೆ, ಕೌಶಲ ಎಂದು ಅರ್ಥ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಇದು ಶ್ರಮದಿಂದ ತಯಾರಾದ ಉತ್ತಮ ವೂಯಿ ಎಲೆಯ ಹೆಸರಾಗಿತ್ತೇ ಹೊರತು ಕುಡಿಯುವ ವಿಧಿಯ ಹೆಸರಾಗಿರಲಿಲ್ಲ. ದ್ರವ್ಯದ ಹೆಸರು ಕ್ರಿಯೆಗೆ ಸಂಕ್ರಮಿಸಿದುದು ಆಮೇಲೆ. ಹೀಗೆ ವಿಧಿಯ ಹೆಸರೇ ಅದು ಎಲೆಯನ್ನು ಅನುಸರಿಸಿ ಬಂದಿತೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ.

ಹೊಸ ಎಲೆಯೂ ಚಿಕ್ಕ ಗಿಂಡಿಯೂ ಒಂದೆಡೆ ಸೇರಿದುದನ್ನು ತೋರಿಸುವ ಪ್ರಮಾಣವು ಕವಿ ಯುವಾನ್ ಮೇ ೧೭೯೨ರಲ್ಲಿ ಪ್ರಕಟಿಸಿದ ಪಾಕಗ್ರಂಥ ‘ಸ್ವೇಯುವಾನ್ ಷಿದಾನ್’ ಎಂಬುದರಲ್ಲಿದೆ. ಇವನೂ ಷೂ ತ್ಸಿಷುವಿನಂತೆಯೇ ಹಾಂಗ್‌ಜೌ ನಗರದವನು. ಲುಂಗ್‌ಜಿಂಗ್ ಎಂಬ ಪ್ರಸಿದ್ಧವಾದ ಹಸುರು ಚಹ ಆ ಊರಿನದೇ. ವೂಯಿ ಚಹವು ಔಷಧದಂತೆ ದಟ್ಟವೂ ಕಹಿಯೂ ಆದುದೆಂದು ಅವನಿಗೆ ಬಹುಕಾಲ ತಾತ್ಸಾರವಿತ್ತು. ೧೭೮೬ರ ಶರತ್ಕಾಲದಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವನು ವೂಯಿ ಪರ್ವತವನ್ನು ಹತ್ತಿದಾಗ ಅಲ್ಲಿಯ ಬೌದ್ಧ ಭಿಕ್ಷುಗಳೂ ತಾವ್ ಮತದ ಸನ್ಯಾಸಿಗಳೂ ಚಹವನ್ನು ತಂದುಕೊಟ್ಟರು. ಬಟ್ಟಲುಗಳು ಅಕ್ರೋಟಿನಷ್ಟು, ಗಿಂಡಿಗಳು ಮಾದಳದ ಹಣ್ಣಿನಷ್ಟು ಇದ್ದುವೆಂದು ಅವನು ಅಳತೆ ಹೇಳುತ್ತಾನೆ. ಮೊದಲು ಪರಿಮಳವನ್ನು ಆಘ್ರಾಣಿಸಿ, ಬಳಿಕ ನುಂಗಲು ಆತುರಪಡದೆ ಮೆಲ್ಲಮೆಲ್ಲನೆ ಸವಿದಾಗ ಅವನ ಹಿಂದಿನ ಅಭಿಪ್ರಾಯವು ತಲೆಕೆಳಗಾಯಿತು. ಮೂರು ಸಲ ನೀರೆರೆದರೂ ರುಚಿಯು ತೀರಲಿಲ್ಲವೆಂದು ಅವನು ಬರೆಯುತ್ತಾನೆ.

ಒಂದೇ ಊರಿನ ಇಬ್ಬರು ರಸಿಕರು, ನಡುವೆ ೧೮೯ ವರ್ಷಗಳು. ಒಬ್ಬನಿಗೆ ಮೂರನೆಯ ಸಲಕ್ಕೆ ಮುಗಿಯುತ್ತ ಬಂದುದು ಇನ್ನೊಬ್ಬನಿಗೆ ಮುಗಿಯಲಿಲ್ಲ. ಗಿಂಡಿಯು ಎರಡು ಕಡೆಯೂ ಚಿಕ್ಕದೇ, ಬೇರೆಯಾದುದು ಎಲೆ. ಮೇಲಾಗಿ ಯುವಾನ್ ಮೇ ಈ ಚಹದ ಪಕ್ಷಪಾತಿಯಲ್ಲ, ಪ್ರತಿಪಕ್ಷದವನು. ಪ್ರತಿಪಕ್ಷದವನು ಒಪ್ಪಿದ ಸಾಕ್ಷ್ಯಕ್ಕೆ ತೂಕ ಹೆಚ್ಚು. ಲೂ ಯೂವಿನ ಹೆಸರನ್ನು ಅವನು ಇಲ್ಲಿ ಎತ್ತುವುದೂ ಇಲ್ಲ.

ಅವನ ಬರಹದಲ್ಲಿ ಬರುವ ‘ಯುನ್’ ಎಂಬ ಪದವು ಸಾಹಿತ್ಯಜ್ಞರ ಗಮನಕ್ಕೆ ಅರ್ಹವಾಗಿದೆ. ಲುಂಗ್‌ಜಿಂಗ್ ನಿರ್ಮಲವಾದರೂ ರುಚಿಯಲ್ಲಿ ತೆಳು. ಯಾಂಗ್‌ಷಿಯಾನ್ ಸೀಮೆಯ ಚಹವು ಉತ್ತಮವಾದರೂ ‘ಯುನ್’ನಲ್ಲಿ ಕೊರತೆಯುಳ್ಳುದೆಂದು ಅವನ ನಿರ್ಣಯ. ‘ಯುನ್’ ಎಂದರೆ ಪದ್ಯದ ಪ್ರಾಸ. ಅದರಿಂದ, ಧ್ವನಿಯು ನಿಂತ ಬಳಿಕ ಕಿವಿಯಲ್ಲಿ ಉಳಿಯುವ ಮಾಧುರ್ಯ. ವೂಯಿ ಚಹವನ್ನು ಪರೀಕ್ಷಿಸುವವರು ಇಂದಿಗೂ ‘ಬಂಡೆಯ ಯುನ್’ ಎಂಬ ಮಾತನ್ನು ಬಳಸುವರು. ಗಂಟೆಯ ನಾದದ ತರುವಾಯ ಕೇಳಿಬರುವ ಅನುರಣನವನ್ನು ದೃಷ್ಟಾಂತವಾಗಿಟ್ಟುಕೊಂಡು ಆಲಂಕಾರಿಕರು ವ್ಯಂಗ್ಯಾರ್ಥವನ್ನು ವಿವರಿಸಿದ ಬಗೆಗೆ ಇದು ಹತ್ತಿರವಾಗಿದೆ. ಒಂದರಿಂದ ಇನ್ನೊಂದು ಬಂದಿತೆಂದು ಊಹಿಸಲು ಆಧಾರವಿಲ್ಲ. ನಾಲಗೆಯ ಅನುಭವಕ್ಕೂ ಕಾವ್ಯಕ್ಕೂ ನಡುವೆ ಎರಡು ದೇಶಗಳವರೂ ಪರಿಭಾಷೆಯನ್ನು ಸಾಲ ಪಡೆದರೆಂದು ಮಾತ್ರ ಹೇಳಬಹುದು. ‘ರಸ’ ಶಬ್ದವಾದರೋ ನಾಲಗೆಯಿಂದ ಕಾವ್ಯಕ್ಕೆ ಹೋಯಿತು; ‘ಯುನ್’ ಕಾವ್ಯದಿಂದ ನಾಲಗೆಗೆ ಬಂದಿತು.

ಮನೆಗಳಲ್ಲಿ ನಡೆಯುವ ಕ್ರಮದಲ್ಲಿ ಪ್ರತಿಯೊಂದು ಅಂಗಕ್ಕೂ ಕಾರಣವುಂಟು. ನೂರು ಮಿಲಿಲೀಟರು ಹಿಡಿಯುವ ಗಿಂಡಿಗೆ ಸುಮಾರು ಏಳು ಗ್ರಾಂ ಎಲೆ ಬೀಳುವುದು; ಹಸುರು ಚಹಕ್ಕೆ ಇಷ್ಟು ಹಾಕಿದರೆ ಕಹಿಯಾಗಿ ಬಾಯಿಗಿಡಲಾಗದು. ಬಾಡಿಸಿ ಅಲುಗಿಸಿ ಸುರುಳಿಗೊಂಡ ಎಲೆಯು ಬಿಚ್ಚಿಕೊಳ್ಳಲು ಕುದಿಯುವ ನೀರೇ ಬೇಕು. ಮೊದಲನೆಯ ನೀರನ್ನು ಸಾಮಾನ್ಯವಾಗಿ ಚೆಲ್ಲುವರು. ಅದರಿಂದ ಎಲೆ ನೆನೆಯುವುದು, ಗಿಂಡಿ ಕಾಯುವುದು. ಗಿಂಡಿಯ ಹೊರಮೈಗೂ ಬಿಸಿನೀರು ಹೊಯ್ಯುವುದು ಒಳಗಿನ ಕಾವು ಆರದಿರಲೆಂದು. ಬಟ್ಟಲುಗಳನ್ನು ಒತ್ತಾಗಿಟ್ಟು ಗಿಂಡಿಯನ್ನು ಎತ್ತದೆ ಸುತ್ತ ತಿರುಗಿಸುತ್ತ ಸುರಿಯುವುದಕ್ಕೆ, ಕ್ವಾನ್ ಯೂ ಎಂಬ ವೀರನು ನಗರವನ್ನು ಸುತ್ತಿ ಬರುವುದೆಂದು ಹೆಸರು. ಕೊನೆಯ ತೊಟ್ಟುಗಳನ್ನು ಒಂದೊಂದಾಗಿ ಹಂಚುವುದಕ್ಕೆ, ಹಾನ್ ಷಿನ್ ಸೇನಾನಿಯು ಸೈನ್ಯವನ್ನು ಎಣಿಸುವುದೆಂದು ಹೆಸರು. ಗಿಂಡಿಯ ತಳದ ರಸವು ಎಲ್ಲಕ್ಕಿಂತ ಗಾಢವಾದುದರಿಂದ, ಹೀಗೆ ಮಾಡದಿದ್ದರೆ ಒಬ್ಬನಿಗೆ ನೀರೂ ಇನ್ನೊಬ್ಬನಿಗೆ ಕಷಾಯವೂ ದೊರೆಯುವುದು.

ಯೂ ಜಿಯಾವ್ ವರ್ಣಿಸಿದ ಉಪಕರಣಗಳಲ್ಲಿ ಬಿಳಿಯ ಮಣ್ಣಿನ ಒಲೆ, ಯಿಷಿಂಗಿನ ಗಿಂಡಿ, ಚಿತ್ರ ಬರೆದ ಬಟ್ಟಲು, ಬೀಸಣಿಗೆ, ಬಿದಿರಿನ ಇಕ್ಕಳ ಇವೆಲ್ಲ ಬರುತ್ತವೆ. ಅವನು ಕಂಡದ್ದು ಗೃಹಸ್ಥರ ಮನೆಗಳಲ್ಲಲ್ಲ. ಹಾನ್ ನದಿಯ ಮೇಲಣ ವಾರಾಂಗನೆಯರ ದೋಣಿಗಳಲ್ಲಿ. ಹಾಗಾದುದರಿಂದಲೇ ಅವನು ಆದಿಗ್ರಂಥದ ಹೆಸರನ್ನು ಮುಂದಿಟ್ಟನೋ ಏನೋ. ವಿಲಾಸಕ್ಕೆ ಶಾಸ್ತ್ರದ ಆಸರೆಯನ್ನು ಹುಡುಕುವುದು ಎಲ್ಲ ದೇಶದ ಪಂಡಿತರಲ್ಲಿಯೂ ಕಾಣುವ ಅಭ್ಯಾಸ. ಆದರೆ ಈ ಔದಾರ್ಯದಿಂದ ವೂಯಿ ಪರ್ವತದಲ್ಲಿ ಎಲೆಯನ್ನು ಅಲುಗಿಸುತ್ತ ರಾತ್ರಿಯೆಲ್ಲ ಎಚ್ಚರವಾಗಿದ್ದ ಕೆಲಸಗಾರರಿಗೆ ಸಲ್ಲಬೇಕಾದ ಕೀರ್ತಿಯು ಅವರಿಗಿಂತ ಸಾವಿರ ವರ್ಷ ಹಿಂದಿನ ಆಚಾರ್ಯನ ಪಾಲಾಯಿತು.

ಯೂ ಜಿಯಾವ್‌ನ ಅನಂತರವೂ ವಿಧಿಯು ನಿಂತಲ್ಲಿಯೇ ನಿಲ್ಲಲಿಲ್ಲ. ಅವನ ಕಾಲದಲ್ಲಿ ಅತಿಥಿಗಳೆಷ್ಟೋ ಬಟ್ಟಲುಗಳೂ ಅಷ್ಟೇ. ಇಂದಿನ ಚಾವ್‌ಜೌವಿನಲ್ಲಿ ಎಷ್ಟು ಜನರಿದ್ದರೂ ಬಟ್ಟಲುಗಳು ಮೂರೇ, ಸರದಿಯ ಮೇಲೆ ಕುಡಿಯುವರು. ೧೯೫೭ರಲ್ಲಿ ವೆಂಗ್ ಹ್ವೇದುಂಗ್ ಈ ಸೀಮೆಯ ಪದ್ಧತಿಯನ್ನು ‘ಚಾವ್‌ಜೌ ಚಾ ಜಿಂಗ್’ ಎಂಬ ಹೆಸರಿನಿಂದ ಬರೆದಿಟ್ಟನು. ಇಲ್ಲಿಯೂ ‘ಜಿಂಗ್’ ಶಬ್ದವು ಬಿಡಲಿಲ್ಲ. ೨೦೨೨ರಲ್ಲಿ ಯುನೆಸ್ಕೋ ಸಂಸ್ಥೆಯು ಚೀನದ ಚಹ ತಯಾರಿಕೆಯ ಪರಂಪರೆಗಳನ್ನೂ ಅವಕ್ಕೆ ಸಂಬಂಧಪಟ್ಟ ಆಚಾರಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು. ತೈವಾನಿನಲ್ಲಿ ೧೯೭೦ರ ದಶಕದಿಂದೀಚೆಗೆ ಬೆಳೆದ ಚಹಕಲೆಯಲ್ಲಿ, ಪರಿಮಳವನ್ನು ಮೂಸುವುದಕ್ಕೆಂದೇ ನೀಳವಾದ ಬೇರೊಂದು ಬಟ್ಟಲು ಕಾಣಿಸಿಕೊಂಡಿತು. ಗಿಂಡಿಯ ರಸವನ್ನೆಲ್ಲ ಮೊದಲು ಬಸಿದು ಸಮನಾಗಿ ಬೆರೆಸುವುದಕ್ಕೆ ‘ನ್ಯಾಯದ ಬಟ್ಟಲು’ ಎಂಬ ಪಾತ್ರೆಯೂ ಬಳಕೆಗೆ ಬಂದಿತು. ಅದನ್ನು ಇಟ್ಟುಕೊಂಡ ಮನೆಗಳಲ್ಲಿ ಕ್ವಾನ್ ಯೂವಿನ ನಗರಪ್ರದಕ್ಷಿಣೆಗೆ ಅವಕಾಶವಿಲ್ಲ. ಚಾವ್‌ಜೌವಿನ ಹಳೆಯ ಪದ್ಧತಿಯ ಮನೆಗಳಲ್ಲಿ ಆ ಪಾತ್ರೆಗೆ ಅವಕಾಶವಿಲ್ಲ.