ಓದುವ ಹೆಣ್ಣು: ‘ಇಂದಿರಾಬಾಯಿ’ಯಿಂದ ‘ಸತೀಹಿತೈಷಿಣಿ’ಯವರೆಗೆ

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಥನದಲ್ಲಿ ಓದುವ ಹೆಣ್ಣೆಂದರೆ ಸಮಾಜಕ್ಕೆ ಆತಂಕ. ಫ್ಲಾಬೇರನ ‘ಮದಾಂ ಬೊವಾರಿ’ಯ (1857) ಎಮ್ಮಾ ಪ್ರಣಯಕಥೆಗಳನ್ನು ಓದಿ, ತನ್ನ ಸಂಸಾರದ ಮೇಲೆ ಜಿಗುಪ್ಸೆ ತಾಳಿ, ಕೊನೆಗೆ ವಿಷ ಸೇವಿಸುತ್ತಾಳೆ.

ಕನ್ನಡದ ದಾರಿ ಬೇರೆ. ಗುಲ್ವಾಡಿ ವೆಂಕಟರಾಯರ ಕಾದಂಬರಿ ‘ಇಂದಿರಾಬಾಯಿ’ (1899) ಮಂಗಳೂರಿನಲ್ಲಿ ಅಚ್ಚಾಯಿತು. ಬಾಲವಿಧವೆ ಇಂದಿರೆ ತವರು ತೊರೆದು, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ವಿಲಾಯತಿಯಿಂದ ಮರಳಿದ ಭಾಸ್ಕರರಾಯನ ಕೈಹಿಡಿಯುತ್ತಾಳೆ. ಎಮ್ಮಾಳನ್ನು ಕೆಡಿಸಿತೆಂದು ಹೇಳಲಾದ ಅಕ್ಷರವೇ ಇವಳನ್ನು ದಡ ಸೇರಿಸುತ್ತದೆ. ಆದರೂ ಅವಳೇನು ಕಲಿಯಬೇಕು, ಯಾವ ಬಾಗಿಲಿನಿಂದ ಹೊರಬರಬೇಕು ಎಂಬುದನ್ನು ಸುಧಾರಕ ಗಂಡಸರೇ ಗೊತ್ತುಮಾಡಿದ್ದರು. 1900ರಲ್ಲಿ ಪಂಜೆ ಮಂಗೇಶರಾಯರ ಸಣ್ಣಕತೆ ‘ನನ್ನ ಚಿಕ್ಕ ತಾಯಿ’ ಪ್ರಕಟವಾದ ಪತ್ರಿಕೆಗೆ ‘ಸುವಾಸಿನಿ’ ಎಂದು ಹೆಸರು. ಹೆಸರು ಹೆಣ್ಣಿನದು, ಕತೆ ಗಂಡಸಿನದು.

ಈ ಕಟ್ಟನ್ನು ಒಡೆದವರು ನಂಜನಗೂಡು ತಿರುಮಲಾಂಬ (1887–1982). ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ, ಓದಿದ್ದೆಲ್ಲ ಮನೆಯೊಳಗೇ. 1913ರಲ್ಲಿ ಅವರು ‘ಸತೀಹಿತೈಷಿಣಿ’ ಗ್ರಂಥಮಾಲೆ ತೆರೆದು ‘ಸುಶೀಲೆ’ ಕಾದಂಬರಿಯನ್ನು ಹೊರತಂದರು, ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ‘ಸುಶೀಲೆ’ಯ ಪಾತಿವ್ರತ್ಯದ ಆದರ್ಶವನ್ನು ಹಿಡಿದು ಅವರನ್ನು ಸಂಪ್ರದಾಯಸ್ಥೆ ಎಂದು ಪಕ್ಕಕ್ಕಿಡುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಮಂಗಳಕಾರ್ಯಗಳಿಗೆ ವಿಧವೆಯನ್ನು ಕರೆಯದ ಕಾಲದಲ್ಲಿ ಒಬ್ಬ ವಿಧವೆ ತಾನೇ ಬರೆದು, ತಾನೇ ಪ್ರಕಟಿಸಿ, ಗೃಹಿಣಿಯರನ್ನು ಓದುಗರನ್ನಾಗಿ ಕರೆದದ್ದು ಸಣ್ಣ ಮಾತಲ್ಲ. ಅವರ ಆಧುನಿಕತೆಯನ್ನು ಕಥೆಯ ನೀತಿಯಲ್ಲಿ ಹುಡುಕಬಾರದು, ಗ್ರಂಥಮಾಲೆಯ ಒಡೆತನದಲ್ಲಿ ಹುಡುಕಬೇಕು.

ಆ ಓದುಗರು ಯಾರು? ಕೃತಿಗಳನ್ನಷ್ಟೇ ಓದಿದರೆ ಉತ್ತರ ಸಿಗದು. ಉತ್ತರ ಕನ್ನಡವನ್ನೇ ನೋಡಿ. ಆ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿನ ಹಳಿಯಾಳ, ಜೋಯಿಡಾ ಕಡೆ ಕನ್ನಡದ ಜೊತೆ ಮರಾಠಿ, ಕೊಂಕಣಿಗಳೂ ಮನೆಮಾತು. ಇಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳ ಗುರುತು ಸಿಗಬೇಕಾದದ್ದು ಪುಸ್ತಕದ ಮೊದಲ ಹಾಳೆಯ ಸಹಿಯಲ್ಲಿ, ಅಂಚಿನ ಬರಹದಲ್ಲಿ. ಹಳಿಯಾಳ, ಮುಂಡಗೋಡ ಸೀಮೆಯ ಮನೆಗಳ ಅಟ್ಟದಲ್ಲಿ ಅಜ್ಜಿಯರ ಹೆಸರಿರುವ ಹಳೆಯ ಕಾದಂಬರಿ, ಮಾಸಪತ್ರಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ತಲುಪಿಸಿ.