ಕಡತದಿಂದ ಅಚ್ಚಿನ ಪುಸ್ತಕಕ್ಕೆ

ಕೃಷ್ಣಾತೀರದ ಉಗಾರ ಬುದ್ರುಕವು ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಗಡಿಯ ಗ್ರಾಮ. ಇಂಥ ಸೀಮೆಯ ಶಾಲೆಗೆ ಅಚ್ಚಿನ ಪುಸ್ತಕವು ಬಂದುದು ಉಪಕರಣದ ಬದಲಾವಣೆ ಮಾತ್ರವಾಗಿರಲಿಲ್ಲ. ಯಾವ ಭಾಷೆಯ ಪುಸ್ತಕವು ದೊರೆಯುವದೋ ಅದೇ ಶಾಲೆಯ ಭಾಷೆಯಾಗುವ ಸಂಭವವಿದ್ದಿತು.

ಹಿಂದಿನ ಐಗಳ ಮಠಗಳಲ್ಲಿ ಮಗುವು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದಿತು. ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತವೇ ಪುಸ್ತಕ, ಬಳಪವೇ ಲೇಖನಿ. ಅಳಿಸಿದರೆ ಪಾಠವು ಕಂಠದಲ್ಲಿ ಮಾತ್ರ ಉಳಿಯಬೇಕು. ಆ ಸ್ಮರಣಶಕ್ತಿಯನ್ನು ಹಗುರವಾಗಿ ಎಣಿಸಲಾಗದು.

1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕಲ್ಲಚ್ಚಿಗೆ ಮೊದಲು ಕೈಯಿಂದಲೇ ಬರೆಯಬೇಕಾದುದರಿಂದ ಅಕ್ಷರವು ಓದುಗನಿಗೆ ಅಪರಿಚಿತವೆನಿಸಲಿಲ್ಲ. ಮೊಳೆಯಚ್ಚು ಬಳಿಕ ರೂಢವಾಯಿತು.

1855ರಲ್ಲಿ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಸ್ಥಾಪಿತವಾದಾಗ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಪ್ರಾಬಲ್ಯ. ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಆದರೆ ಶಾಲೆ ತೆರೆದರಾಯಿತೇ? ಓದಲು ಕನ್ನಡ ಪುಸ್ತಕ ಬೇಕು. ಅದಕ್ಕಿಂತಲೂ, ಬಾಯಿಪಾಠವನ್ನೇ ವಿದ್ಯೆಯೆಂದು ತಿಳಿದ ಗುರುವಿಗೆ ಪುಸ್ತಕವನ್ನು ಓದಿಸಿ ಅರ್ಥ ಬಿಡಿಸುವ ರೀತಿಯು ತಿಳಿಯಬೇಕು. ಧಾರವಾಡದ ನಾರ್ಮಲ್ ಶಾಲೆಯು ಕೈಕೊಂಡುದು ಈ ಕೆಲಸವನ್ನೇ. ಶೇಕ್ಸಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಿಸಿದ ಚನ್ನಬಸಪ್ಪನವರು 1881ರಲ್ಲಿ ಬೆಳಗಾವಿಯಲ್ಲಿ ತೀರಿಕೊಂಡರು.

ಶಿಕ್ಷಕರಿಗಾಗಿ ಧಾರವಾಡದಿಂದ ಒಂದು ಮಾಸಪತ್ರಿಕೆಯೂ ಹೊರಟಿತು. ಮುಂದೆ ‘ಜೀವನ ಶಿಕ್ಷಣ’ವೆನಿಸಿದ ಅದರ ಮೊದಲ ಹೆಸರು ‘ಮಠಪತ್ರಿಕೆ’. ಅಚ್ಚಿನ ಹಾಳೆಯು ಐಗಳ ಮಠದ ಹೆಸರನ್ನೇ ತಲೆಯ ಮೇಲೆ ಹೊತ್ತು ಹಳ್ಳಿಯ ಗುರುವಿನ ಕೈಸೇರಿತು.