ಬೀಜ ಹಂಚಿಕೊಂಡವರು

ಅಂಗಳದಲ್ಲಿ ಒಂದು ಗುಲಾಬಿ ಗಿಡವನ್ನು ಬೆಳೆಸಿದವರಿಗೂ ಅದು ಹೂಬಿಟ್ಟಾಗ ನಾಲ್ಕು ಜನ ನೋಡಲಿ ಎಂಬ ಆಸೆ ಮೂಡುವುದು ಸಹಜ. ಚೆನ್ನಾಗಿ ಕಾಯಿಬಿಟ್ಟ ಅವರೆಯ ಬಳ್ಳಿಯಿಂದ ಬೀಜ ತೆಗೆದು, ಬೂದಿ ಬೆರೆಸಿ ಕಾಪಾಡಿ, ಮುಂದಿನ ಮಳೆಗಾಲಕ್ಕೆ ನೆರೆಮನೆಯವರಿಗೂ ಒಂದು ಹಿಡಿ ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈ ಕೊಡುಕೊಳ್ಳುವಿಕೆಗೆ ಒಂದು ಸಂಘದ ರೂಪ ಕೊಟ್ಟು, ಸದಸ್ಯರ ಪಟ್ಟಿ, ಚಂದಾ, ಸಭೆ, ವರ್ಷಕ್ಕೊಂದು ಪ್ರದರ್ಶನ ಎಂಬ ಕಟ್ಟುಪಾಡುಗಳನ್ನು ಅಳವಡಿಸಿದಾಗ ಹುಟ್ಟಿಕೊಂಡದ್ದೇ ತೋಟಗಾರಿಕಾ ಸಂಘ. ಮೇಲುನೋಟಕ್ಕೆ ಇದು ಬಿಡುವಿದ್ದವರ ಹವ್ಯಾಸದಂತೆ ತೋರುತ್ತದೆ. ಆದರೆ ಇಂತಹ ಸಂಘಗಳ ಇತಿಹಾಸವನ್ನು ತಿರುವಿಹಾಕಿದರೆ, ನಮ್ಮ ಅಡಿಗೆಮನೆಯ ತರಕಾರಿಯಿಂದ ಹಿಡಿದು ನಗರದ ಬೀದಿಯ ಮರಗಳವರೆಗೆ ಅನೇಕ ಸಂಗತಿಗಳು ಅದರೊಡನೆ ಬೆಸೆದುಕೊಂಡಿರುವುದು ಕಂಡುಬರುತ್ತದೆ.

ಮಗ್ಗದ ಪಕ್ಕದ ಹೂಕುಂಡ

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1768ರಲ್ಲಿ ಹೂ ಬೆಳೆಗಾರರ ಸಂಘವೊಂದು ಸ್ಥಾಪನೆಯಾಯಿತು. ಅದು ಇಂದಿಗೂ ಉಳಿದಿದೆ. ಆ ಕಾಲದಲ್ಲಿ ಲ್ಯಾಂಕಾಶೈರ್ ಮತ್ತು ಸ್ಕಾಟ್‌ಲೆಂಡಿನ ಪೇಯ್ಸ್ಲಿ ಊರುಗಳಲ್ಲಿ ಹೂ ಬೆಳೆಯುವುದರಲ್ಲಿ ಹೆಸರು ಮಾಡಿದವರು ಶ್ರೀಮಂತರಲ್ಲ, ಕೈಮಗ್ಗದ ನೇಕಾರರು. ಮನೆಯಲ್ಲೇ ಮಗ್ಗವಿದ್ದುದರಿಂದ ನೂಲಿನ ನಡುವೆ ಎದ್ದುಹೋಗಿ ಗಿಡಕ್ಕೆ ನೀರೆರೆಯಲು, ಬಿಸಿಲೇರಿದಾಗ ಕುಂಡವನ್ನು ನೆರಳಿಗೆ ಸರಿಸಲು ಅವರಿಗೆ ಸಾಧ್ಯವಿತ್ತು. ಲ್ಯಾಂಕಾಶೈರಿನ ನೇಕಾರರು ಆರಿಕುಲ ಎಂಬ ಹೂವನ್ನೂ, ಪೇಯ್ಸ್ಲಿಯ ನೇಕಾರರು ದಳದ ಅಂಚಿಗೆ ಕಸೂತಿ ಹಾಕಿದಂತಿರುವ ಪಿಂಕ್ ಎಂಬ ಹೂವನ್ನೂ ತಲೆಮಾರುಗಳ ತಾಳ್ಮೆಯಿಂದ ತಿದ್ದಿ ಬೆಳೆಸಿದರು. ಪ್ರದರ್ಶನದಲ್ಲಿ ಗೆದ್ದವರಿಗೆ ಸಿಗುತ್ತಿದ್ದ ಬಹುಮಾನ ಹಲವೆಡೆ ಒಂದು ತಾಮ್ರದ ಕೆಟಲ್ ಅಷ್ಟೇ. ಬಹುಮಾನದ ಬೆಲೆಗಿಂತ, ಕಣ್ಣರಿತ ನೆರೆಹೊರೆಯವರ ಮೆಚ್ಚುಗೆಯೇ ಅವರಿಗೆ ದೊಡ್ಡದಾಗಿತ್ತು.

ಕೇರಿಯವರ ತೋಟ

ಈ ಬಗೆಯ ಸಂಘವನ್ನು ಭಾರತದಲ್ಲಿ ನೆಲೆಗೊಳಿಸಿದ ಕೀರ್ತಿ ವಿಲಿಯಂ ಕೇರಿಯವರಿಗೆ ಸಲ್ಲುತ್ತದೆ. 1761ರಲ್ಲಿ ನಾರ್ಥಾಂಪ್ಟನ್‌ಶೈರಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅವರ ತಂದೆಯೂ ಮೊದಲು ನೇಕಾರರಾಗಿದ್ದು, ಬಳಿಕ ಹಳ್ಳಿಯ ಶಾಲೆಯ ಉಪಾಧ್ಯಾಯರಾದವರು. ಚಿಕ್ಕಪ್ಪ ತೋಟಗಾರ. ಸ್ವತಃ ಕೇರಿ ಚಪ್ಪಲಿ ಹೊಲಿಯುವ ಕಸುಬನ್ನು ಕಲಿತವರು. ಮಿಷನರಿಯಾಗಿ ಬಂಗಾಳಕ್ಕೆ ಬಂದು 1800ರಲ್ಲಿ ಶ್ರೀರಾಮಪುರದಲ್ಲಿ ನೆಲೆಸಿದ ಮೇಲೆ ಅವರು ಮಾಡಿದ ಭಾಷಾಸೇವೆ ಬಹುಜನರಿಗೆ ತಿಳಿದಿದೆ. 1817ರಲ್ಲಿ ಅವರು ಪ್ರಕಟಿಸಿದ ಕನ್ನಡ ವ್ಯಾಕರಣದಿಂದಾಗಿ ನಮ್ಮ ನುಡಿಗೂ ಅವರ ನಂಟುಂಟು. ಆದರೆ ವ್ಯಾಕರಣಗಳನ್ನು ಬರೆದ ಅದೇ ಕೈ ಶ್ರೀರಾಮಪುರದಲ್ಲಿ ವಿಸ್ತಾರವಾದ ಸಸ್ಯೋದ್ಯಾನವೊಂದನ್ನು ಬೆಳೆಸಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಕಲ್ಕತ್ತೆಯ ಸರ್ಕಾರಿ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಕೇರಿಯವರ ಆತ್ಮೀಯ ಸ್ನೇಹಿತರು. ರಾಕ್ಸ್‌ಬರ್ಗ್ ತೀರಿಕೊಂಡ ಮೇಲೆ ಅವರ ಭಾರತೀಯ ಸಸ್ಯಗಳ ಗ್ರಂಥವನ್ನು ಸಂಪಾದಿಸಿ ಹೊರತಂದವರು ಕೇರಿಯವರೇ. ನಮ್ಮ ಕಾಡುಗಳಲ್ಲಿ ಕವಲು ಎಂದು ಕರೆಯುವ ಮರಕ್ಕೆ ಶಾಸ್ತ್ರೀಯವಾಗಿ 'ಕೇರಿಯ ಆರ್ಬೋರಿಯಾ' ಎಂಬ ಹೆಸರಿದೆ. ಅದು ಈ ಸ್ನೇಹದ ಗುರುತು.

ಶ್ರೀರಾಮಪುರಕ್ಕೆ ಬರುವ ಮುಂಚೆ ಕೇರಿ ದಿನಾಜಪುರ ಸೀಮೆಯ ಮದನಾಬಾಟಿಯಲ್ಲಿ ನೀಲಿ ಕಾರ್ಖಾನೆಯೊಂದರ ಮೇಲ್ವಿಚಾರಕರಾಗಿ ಐದಾರು ವರ್ಷ ಕಳೆದಿದ್ದರು. ಅಲ್ಲಿ ರೈತರ ಉಳುಮೆ, ಬೀಜ, ಉಪಕರಣಗಳನ್ನು ಹತ್ತಿರದಿಂದ ಕಂಡು, ಆ ಸೀಮೆಯ ಬೇಸಾಯದ ಸ್ಥಿತಿಗತಿಯ ಬಗ್ಗೆ ಪ್ರಬಂಧವನ್ನೂ ಬರೆದರು. ನೀಲಿಯ ಬೆಳೆ ಬಂಗಾಳದ ರೈತರಿಗೆ ಎಂತಹ ಹೊರೆಯಾಯಿತೆಂಬುದನ್ನು 1859ರ ರೈತರ ದಂಗೆ ಮುಂದೆ ಲೋಕಕ್ಕೆ ಸಾರಿ ಹೇಳಿತು. ಮಣ್ಣಿನ ಜ್ಞಾನ ಯಾರ ಲಾಭಕ್ಕೆ ಬಳಕೆಯಾಗಬೇಕು ಎಂಬ ಪ್ರಶ್ನೆ ತೋಟಗಾರಿಕೆಯ ಇತಿಹಾಸದ ಉದ್ದಕ್ಕೂ ಹೀಗೆ ಎದುರಾಗುತ್ತಲೇ ಇರುತ್ತದೆ.

1820ರ ಏಪ್ರಿಲ್‌ನಲ್ಲಿ ಕೇರಿ ಒಂದು ಮನವಿಪತ್ರವನ್ನು ಹೊರಡಿಸಿ, ಬೇಸಾಯ ಮತ್ತು ತೋಟಗಾರಿಕೆಯ ಸುಧಾರಣೆಗಾಗಿ ಸಂಘವೊಂದನ್ನು ಕಟ್ಟಬೇಕೆಂದು ಕೋರಿದರು. ಸೆಪ್ಟೆಂಬರ್ 14ರಂದು ಕಲ್ಕತ್ತೆಯ ಪುರಭವನದಲ್ಲಿ ಮೊದಲ ಸಭೆ ಸೇರಿದಾಗ ಬಂದಿದ್ದವರು ಬೆರಳೆಣಿಕೆಯಷ್ಟು ಮಂದಿ. ಆದರೂ ಸಂಘ ಹುಟ್ಟಿತು, ಬೆಳೆಯಿತು. ಭಾರತೀಯರನ್ನು ಈ ಸಂಘಕ್ಕೆ ವಿಶೇಷವಾಗಿ ಆಹ್ವಾನಿಸಬೇಕೆಂದು ಮನವಿಪತ್ರದಲ್ಲೇ ಕೇರಿ ಬರೆದಿದ್ದುದು ಗಮನಾರ್ಹ. ಆಳುವವರೂ ಆಳಿಸಿಕೊಳ್ಳುವವರೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತುಕೊಳ್ಳುತ್ತಿದ್ದ ಕಾಲದಲ್ಲಿ, ಒಂದೇ ಮೇಜಿನ ಸುತ್ತ ಕುಳಿತು ಬೀಜದ ಬಗ್ಗೆ ಮಾತಾಡಬಹುದೆಂದು ಆ ಮನವಿ ಹೇಳಿತು. ಇಂದು ಕಲ್ಕತ್ತೆಯ ಅಲಿಪುರದಲ್ಲಿ ಈ ಸಂಘದ ತೋಟವಿದೆ.

1823ರಲ್ಲಿ ನದಿ ಉಕ್ಕಿಹರಿದು ಕೇರಿಯವರ ತೋಟ ಹಾಳಾಯಿತು. ವರ್ಷಗಳ ಶ್ರಮ ಕೆಸರಿನಡಿ ಹೂತುಹೋದರೂ ಅವರು ಮತ್ತೆ ನೆಡಲು ತೊಡಗಿದರು. ಇಂಗ್ಲೆಂಡಿನಿಂದ ಬಂದ ಬೀಜದ ಚೀಲವೊಂದನ್ನು ಬರಿದುಮಾಡಿದ ಮೇಲೆ, ಉಳಿದ ಮಣ್ಣಿನ ಪುಡಿಯನ್ನು ಅವರು ತೋಟದ ಮೂಲೆಯಲ್ಲಿ ಕೊಡವಿದರಂತೆ. ಕೆಲದಿನಗಳಲ್ಲಿ ಅಲ್ಲಿ ತಾಯ್ನಾಡಿನ ಪುಟ್ಟ ಡೇಜಿ ಗಿಡ ಮೊಳೆಯಿತು. ಬೇಸಿಗೆಯಲ್ಲಿ ಗಿಡ ಸಾಯುತ್ತಿದ್ದುದರಿಂದ, ಬೀಜ ಕಾದಿರಿಸಿ ವರ್ಷವರ್ಷವೂ ಅದನ್ನು ಮತ್ತೆ ಬಿತ್ತುತ್ತಿದ್ದರು. 1834ರಲ್ಲಿ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ, ತಾವು ಹೋದ ಮೇಲೆ ಗೆಳೆಯ ಮಾರ್ಷ್‌ಮನ್ ತೋಟಕ್ಕೆ ದನಗಳನ್ನು ಬಿಟ್ಟುಬಿಡುತ್ತಾರೇನೋ ಎಂಬುದೇ ಅವರ ಚಿಂತೆಯಾಗಿತ್ತೆಂದೂ, ತೋಟವನ್ನು ಕಾಪಾಡುವುದಾಗಿ ಮಾರ್ಷ್‌ಮನ್ ಮಾತು ಕೊಟ್ಟರೆಂದೂ ಚರಿತ್ರಕಾರರು ದಾಖಲಿಸಿದ್ದಾರೆ. ಒಬ್ಬನ ತೋಟ ಅವನ ಬಳಿಕ ಉಳಿಯುವುದೇ ಎಂಬ ಈ ಆತಂಕಕ್ಕೆ ಮನುಷ್ಯ ಕಂಡುಕೊಂಡ ಉತ್ತರವೇ ಸಂಘ.

ಬೆಂಗಳೂರಿನ ಎರಡು ಸಂಘಗಳು

ನಮ್ಮ ನಾಡಿನ ಕಥೆ ಇನ್ನೂ ಸ್ವಾರಸ್ಯಕರ. 1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ 1799ರ ಬಳಿಕ ಹಲವು ಕೈಗಳನ್ನು ದಾಟಿತು. ಮಾರ್ಕ್ ಕಬ್ಬನ್ ಅವರು ಕಮಿಷನರಾಗಿದ್ದ ಕಾಲದಲ್ಲಿ, 1836ರಲ್ಲಿ, ಬೆಂಗಳೂರಿನ ಬೇಸಾಯ-ತೋಟಗಾರಿಕಾ ಸಂಘಕ್ಕೆ ಅದನ್ನು ಒಪ್ಪಿಸಲಾಯಿತು. ಆದರೆ ಆ ಸಂಘ ಆರು ವರ್ಷಗಳಷ್ಟೇ ಬಾಳಿ 1842ರಲ್ಲಿ ವಿಸರ್ಜನೆಗೊಂಡಿತು. 1856ರಲ್ಲಿ ಹ್ಯೂ ಕ್ಲೆಗಾರ್ನ್ ಅವರ ಸಲಹೆಯಂತೆ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು.

1874ರಲ್ಲಿ ಉದ್ಯಾನದ ಹೊಣೆ ಹೊತ್ತ ಜಾನ್ ಕ್ಯಾಮರೂನ್ ಹೊರನಾಡಿನ ಅನೇಕ ಸಸ್ಯಗಳನ್ನು ತಂದು ಇಲ್ಲಿನ ಹವೆಗೆ ಒಗ್ಗಿಸಿದರು. ನಾವು ಸೀಮೆಬದನೆ ಎಂದು ಹುಳಿಗೆ ಹಾಕುವ ಕಾಯಿ ಅವುಗಳಲ್ಲೊಂದು. ತಮಿಳರು ಅದನ್ನು 'ಬೆಂಗಳೂರು ಕತ್ತರಿಕಾಯಿ' ಎಂದೇ ಕರೆಯುತ್ತಾರೆ. ಅವರ ಅವಧಿಯಲ್ಲಿಯೇ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ಅದು ಕೇವಲ ಅಂದಕ್ಕಾಗಿ ಎದ್ದ ಕಟ್ಟಡವಲ್ಲ. ಜನರು ಬೆಳೆದ ಹೂ, ಹಣ್ಣು, ತರಕಾರಿಗಳನ್ನು ಒಂದೇ ಸೂರಿನಡಿ ತಂದಿಟ್ಟು ಪ್ರದರ್ಶಿಸುವುದು ಅದರ ಉದ್ದೇಶವಾಗಿತ್ತು.

ಎರಡನೆಯ ಸಂಘ ಹುಟ್ಟಿದ್ದು 1912ರಲ್ಲಿ. ಜರ್ಮನಿಯಲ್ಲಿ ಜನಿಸಿ, ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮೂಲಕ 1908ರಲ್ಲಿ ಲಾಲ್‌ಬಾಗಿಗೆ ಬಂದ ಜಿ. ಎಚ್. ಕ್ರುಂಬಿಗಲ್ ಅವರ ಮುಂದಾಳುತನದಲ್ಲಿ ಮೈಸೂರು ಉದ್ಯಾನಕಲಾ ಸಂಘ ಆರಂಭವಾಯಿತು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಉದುರುತ್ತಿದ್ದಂತೆ ಇನ್ನೊಂದು ಜಾತಿ ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದವರು ಇವರೇ. 1956ರಲ್ಲಿ ಬೆಂಗಳೂರಿನಲ್ಲಿಯೇ ಅವರು ಕಣ್ಮುಚ್ಚಿದರು. 1932ರಲ್ಲಿ ಅವರ ಸ್ಥಾನಕ್ಕೆ ಎಚ್. ಸಿ. ಜವರಾಯರೂ, ಮುಂದೆ 1951ರಲ್ಲಿ ಎಂ. ಎಚ್. ಮರಿಗೌಡರೂ ಬಂದರು. ಮರಿಗೌಡರ ದೃಷ್ಟಿ ಉದ್ಯಾನದ ಗೋಡೆಯನ್ನು ದಾಟಿ ರೈತನ ಹೊಲದವರೆಗೆ ಹರಿಯಿತು. ಬೆಳೆದವನಿಗೆ ನ್ಯಾಯವಾದ ಬೆಲೆ ಸಿಗಬೇಕೆಂದು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅವರ ಪ್ರೇರಣೆಯಿಂದ ಆರಂಭವಾಯಿತು. ಅದೇ ಬೆಳೆದು, ನಾವು ಹಣ್ಣು ತರಕಾರಿ ಕೊಳ್ಳುವ ಹಾಪ್‌ಕಾಮ್ಸ್ ಆಯಿತು.

ತೋಟಗಾರಿಕೆ ಇಲಾಖೆಯೊಡನೆ ಸೇರಿ ಉದ್ಯಾನಕಲಾ ಸಂಘವು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ನಡೆಸುವ ಫಲಪುಷ್ಪ ಪ್ರದರ್ಶನವನ್ನು ಕಾಣದ ಬೆಂಗಳೂರಿಗರು ವಿರಳ. ಅಂಬೇಡ್ಕರ್ ಅವರ ಬದುಕನ್ನು ಹೂಗಳಲ್ಲಿ ಚಿತ್ರಿಸಿದ 2024ರ ಆಗಸ್ಟ್ ಪ್ರದರ್ಶನ 216ನೆಯದು. ಲಕ್ಷಾಂತರ ಜನ ಹೂವಿನ ಪ್ರತಿಕೃತಿಗಳ ಮುಂದೆ ನಿಂತು ಮರಳುತ್ತಾರೆ. ಆದರೆ ಸಂಘದ ನಿಜವಾದ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳದು. ಪ್ರದರ್ಶನಕ್ಕೆ ಮುಂಚಿತವಾಗಿ ತೀರ್ಪುಗಾರರು ಮನೆಯಂಗಳ, ಶಾಲೆ, ಕಾರ್ಖಾನೆಗಳ ತೋಟಗಳಿಗೆ ಹೋಗಿ ನೋಡಿ ಬಹುಮಾನ ನಿರ್ಧರಿಸುತ್ತಾರೆ. ಕುಂಡದ ಗಿಡ, ತರಕಾರಿ, ಕುಬ್ಜಮರ, ಹೂ ಜೋಡಣೆಗಳಿಗೂ ಸ್ಪರ್ಧೆಗಳುಂಟು. ಹತ್ತು ಕುಂಡಗಳ ಒಡತಿಗೂ, ಹತ್ತು ಎಕರೆಯ ಸಂಸ್ಥೆಗೂ ಅಲ್ಲಿ ಸ್ಥಾನವಿದೆ.

ಉಳಿಯುವ ಗುಟ್ಟು

ಯಾರ್ಕಿನ ಹೂ ಬೆಳೆಗಾರರ ಕಾಲದಿಂದ ಇಂದಿನವರೆಗಿನ ಈ ಸಂಘಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ತೋಟಗಾರಿಕೆಯಲ್ಲಿ ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದೇ ಹೆಚ್ಚು. ಕಸಿ ಕಟ್ಟುವ ಕೈಚಳಕವಾಗಲಿ, ಕೊಂಬೆ ಸವರುವ ಹದವಾಗಲಿ ಬಲ್ಲವರ ಪಕ್ಕದಲ್ಲಿ ನಿಂತಾಗ ಮಾತ್ರ ಕೈಗೂಡುತ್ತದೆ. ಅಲ್ಲದೆ, ಒಂದೇ ಅಂಗಳದಲ್ಲಿರುವ ತಳಿ ಒಂದು ಬರಗಾಲಕ್ಕೆ, ಒಂದು ನೆರೆಗೆ ನಾಶವಾಗಬಹುದು. ಹತ್ತು ಅಂಗಳಗಳಿಗೆ ಹಂಚಿಹೋದ ತಳಿ ಎಲ್ಲಿಯಾದರೂ ಬದುಕಿರುತ್ತದೆ. ಕೊಟ್ಟ ಬೀಜವೇ ಕಾಪಾಡಿದ ಬೀಜ. ಇವೆಲ್ಲಕ್ಕಿಂತ ಮಿಗಿಲಾಗಿ, ಮಣ್ಣಿನ ಮುಂದೆ ಹುದ್ದೆ, ಕುಲ, ಭಾಷೆಗಳ ಬಿಂಕ ಸಡಿಲವಾಗುತ್ತದೆ. ಚೆನ್ನಾಗಿ ಬೆಳೆದ ಬದನೆಯನ್ನು ಯಾರು ಬೆಳೆದರೆಂದು ಕೇಳುವ ಮುಂಚೆ ಹೇಗೆ ಬೆಳೆದರೆಂದು ಕೇಳುತ್ತೇವೆ.

ನಮ್ಮ ನಗರಗಳಲ್ಲಿ ಅಂಗಳಗಳು ಕಿರಿದಾಗಿವೆ. ಮಹಡಿಯ ಮೇಲಿನ ನಾಲ್ಕು ಚೀಲಗಳಲ್ಲಿ ಟೊಮೆಟೊ, ಮೆಂತ್ಯ, ದೊಡ್ಡಪತ್ರೆ ಬೆಳೆಯುವ ಮನೆಗಳು ಮಾತ್ರ ಹೆಚ್ಚುತ್ತಿವೆ. ನಮ್ಮ ಧರ್ಮಕೇಂದ್ರದ ಅಕ್ಕಪಕ್ಕದ ಬೀದಿಗಳಲ್ಲಿಯೂ ಅಂತಹ ಮನೆಗಳು ಇದ್ದೇ ಇರುತ್ತವೆ. ಅವರು ತಿಂಗಳಿಗೊಮ್ಮೆ ಒಂದೆಡೆ ಸೇರಿ ತಮ್ಮಲ್ಲಿ ಹೆಚ್ಚಾದ ಬೀಜ, ಸಸಿ, ಗೊಬ್ಬರಗಳನ್ನು ಬದಲಾಯಿಸಿಕೊಂಡರೆ ಸಾಕು, ಸಂಘವೊಂದು ಹುಟ್ಟಿದಂತೆಯೇ. ಅದಕ್ಕೆ ಗಾಜಿನ ಮನೆ ಬೇಕಿಲ್ಲ. ಹಿರಿಯರಿಗೆ ತಮ್ಮ ಅನುಭವವನ್ನು ಕೇಳುವ ಕಿವಿಗಳು ದೊರೆಯುತ್ತವೆ, ಮಕ್ಕಳಿಗೆ ಕಾಯುವ ಗುಣ ಬರುತ್ತದೆ. ಕಲ್ಕತ್ತೆಯ ಆ ಮೊದಲ ಸಭೆಗೆ ಬಂದವರೂ ಬೆರಳೆಣಿಕೆಯಷ್ಟೇ ಇದ್ದರು ಎಂಬುದನ್ನು ನೆನೆದರೆ, ಕಡಿಮೆ ಜನ ಸೇರಿದರೆಂದು ಅಳುಕಬೇಕಾಗಿಯೂ ಇಲ್ಲ.